ವೃದ್ಧಾಶ್ರಮದ ಹಿರಿಯರಿಗೆ ಹಗುರ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಹುಬ್ಬಳ್ಳಿ-ಧಾರವಾಡದ ಎರಡು ವೃದ್ಧಾಶ್ರಮಗಳಿಗೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗುತ್ತೇನೆ. ಗದಗ, ಹಾವೇರಿ ಕಡೆಯಿಂದ ಮಕ್ಕಳು ಫೋನ್ ಮಾಡಿ ಕೇಳುತ್ತಾರೆ. ಆಶ್ರಮದ ಕೆಲಸದವರು ಚೀಟಿ ಬರೆದು ಕೊಡುತ್ತಾರೆ. ಪಡಸಾಲೆಯಲ್ಲಿ ಕೂತ ಅಜ್ಜ, ಆಯಿಗಳಂತೂ ನೇರವಾಗಿ ಕೇಳಿಬಿಡುತ್ತಾರೆ. ಸುತ್ತಿ ಬಳಸಿ ಪ್ರಶ್ನೆಗಳು ಅವೇ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ.

ಶುರು ಮಾಡುವ ಮೊದಲು

ನಮ್ಮ ಅವ್ವಗ ಎಂಬತ್ನಾಲ್ಕು ವರ್ಷ. ಈಗ ವ್ಯಾಯಾಮ ಮಾಡಿ ಏನ್ ಕುಸ್ತಿ ಹಿಡೀಬೇಕಾಗೇತ್ರಿ?

ಕುಸ್ತಿ ಬೇಡ. ನಡುರಾತ್ರಿ ಯಾರನ್ನೂ ಎಬ್ಬಿಸದೆ ಪಾಯಖಾನೆಗೆ ಹೋಗಿ ಬಂದರೆ ಸಾಕು. ಕುರ್ಚಿಯಿಂದ ತಾವೇ ಎದ್ದರೆ ಸಾಕು. ತಲೆ ಬಾಚಿಕೊಳ್ಳಲು ಕೈ ಮೇಲೆ ಹೋದರೆ ಸಾಕು. ನಾವು ಮಾಡಿಸುವುದೆಲ್ಲ ಇಷ್ಟಕ್ಕೇ.

ಇಷ್ಟು ವಯಸ್ಸಿಗೆ ಮೈಗೆ ಬಲ ಬರುವುದಿಲ್ಲ ಅನ್ನುವುದು ತಪ್ಪು. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಆಶ್ರಮವಾಸಿಗಳಾದ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿ ಅಳೆದಿದ್ದರು. ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟು ದಾಟಿತ್ತು. ಸೋತ ಕಾಲಿಗೆ ಸ್ವಲ್ಪ ಕೆಲಸ ಕೊಟ್ಟರೂ ಫಲ ಬೇಗ ಕಾಣುತ್ತದೆ.

ಜೀವನಪೂರ್ತಿ ದುಡಿದಿದ್ದಾರೆ. ಈಗಲಾದ್ರೂ ಆರಾಮ ಇರಲಿ ಅಲ್ವಾ?

ಈ ಪ್ರಶ್ನೆಯಲ್ಲಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆಶ್ರಮಗಳಲ್ಲಿ ಕಾಲು ಸೋಲುವುದು ಹೆಚ್ಚಾಗಿ ಈ ಪ್ರೀತಿಯಿಂದಲೇ. ಚಹಾ ಮಂಚಕ್ಕೆ ಬರುತ್ತದೆ. ನಾಷ್ಟಾ ಮಂಚಕ್ಕೆ, ಗುಳಿಗೆ ಮಂಚಕ್ಕೆ, ಊಟದ ತಾಟೂ ಮಂಚಕ್ಕೆ. ಆರು ತಿಂಗಳಾಗುವಷ್ಟರಲ್ಲಿ ಆಯಿ ಮಂಚ ಬಿಟ್ಟು ಏಳುವುದಿಲ್ಲ. ಆಗ "ವಯಸ್ಸಾಯಿತು, ಕಾಲು ಬಿದ್ದವು" ಅನ್ನುತ್ತೇವೆ.

ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನವಿದೆ. ಹತ್ತೇ ದಿನದಲ್ಲಿ ಎರಡೂ ಕಾಲು ಸೇರಿ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಜ್ವರ ಬಂದು ವಾರ ಮಲಗಿದ ಅಜ್ಜ ಎದ್ದು ನಿಂತಾಗ ಯಾಕೆ ತೂರಾಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ?

ನಾನು ಹೋಗಿ ಮಾಡಿಸುವ ಅರ್ಧ ಗಂಟೆಗಿಂತ ದೊಡ್ಡದು ಉಳಿದ ಹಗಲು. ಊಟದ ಮನೆಗೆ ಅವರೇ ನಡೆದು ಬರಲಿ. ತಮ್ಮ ಟಾವೆಲ್ ತಾವೇ ಮಡಚಲಿ. ಅಕ್ಕಿಯ ಹರಳು ಆರಿಸಲಿ, ಅವರೆಕಾಯಿ ಸುಲಿಯಲಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ವಾರಕ್ಕೆ ಎಷ್ಟು ಹೊತ್ತು ಮಾಡಿಸಬೇಕು?

65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಮಧ್ಯಮ ಶ್ರಮ, ಎರಡು ದಿನ ಬಲದ ವ್ಯಾಯಾಮ, ಮೂರು ದಿನ ತೋಲ (ಬೀಳದಂತೆ ಮೈಯ ಸಮತೋಲನ) ಕಾಯುವ ವ್ಯಾಯಾಮ. ಆಶ್ರಮದ ಬಹುಪಾಲು ಜನಕ್ಕೆ ಇದು ದೂರದ ಗುಡ್ಡ. ಆ ಸಂಸ್ಥೆಯೂ "ಆಗುವಷ್ಟು ಮಾಡಿ, ಏನೂ ಮಾಡದಿರುವುದಕ್ಕಿಂತ ಅದು ಮೇಲು" ಅನ್ನುತ್ತದೆ. ನಾನು ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷದಿಂದ ಶುರು ಮಾಡುತ್ತೇನೆ. ಮಾಡುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಶ್ರಮ ಸರಿಯಾದ ಅಳತೆ.

ಡಾಕ್ಟರ್ ಕೇಳದೆ ಶುರು ಮಾಡಬಹುದಾ?

ಕೂತು ಕೈಕಾಲು ಆಡಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಇತ್ತೀಚೆಗೆ ಹೃದಯಾಘಾತ, ಲಕ್ವಾ, ಆಪರೇಷನ್ ಅಥವಾ ಮೂಳೆ ಮುರಿತ ಆಗಿದ್ದರೆ, ಕೂತಲ್ಲೇ ದಮ್ಮು ಬರುತ್ತಿದ್ದರೆ, ಪಾದ ಹೊಸದಾಗಿ ಊದಿದ್ದರೆ ಮೊದಲು ಕೇಳಿ. ಬಿಪಿ 180/110 ದಾಟಿದ ದಿನ ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಿ. ಮಾಡುವಾಗ ಎದೆ ಹಿಡಿದಂತಾದರೆ, ಕಣ್ಣು ಕತ್ತಲೆ ಬಂದರೆ, ತಣ್ಣನೆ ಬೆವರು ಬಂದರೆ ಅಲ್ಲಿಗೇ ನಿಲ್ಲಿಸಿ ಕೂರಿಸಿ. ಎದೆನೋವು ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು" ಅಂತ ಕಾಯಬೇಡಿ.

ಖಾಲಿ ಹೊಟ್ಟಿಲೇ ಮಾಡಸ್ಬೇಕಂತಾರಲ್ರೀ?

ಹಿರಿಯರಿಗೆ ಬೇಡ. ಶುಗರ್ ಗುಳಿಗೆ ತಗೊಂಡವರಿಗಂತೂ ಅದು ಅಪಾಯ. ನಾಷ್ಟಾ ಆಗಿ ಒಂದು ಗಂಟೆಯ ಮೇಲೆ ಮಾಡಿಸಿ. ಧಾರವಾಡದ ಡಿಸೆಂಬರ್, ಜನವರಿ ಚಳಿಯಲ್ಲಿ ಮೈ ಬಿಗಿದಿರುತ್ತದೆ. ಬಿಸಿಲು ಅಂಗಳಕ್ಕೆ ಬರಲಿ, ಅವಸರವಿಲ್ಲ. ಮಾರ್ಚ್‌ನಿಂದ ಮೇವರೆಗೆ ಗದಗಿನ ಬಿಸಿಲಿನಲ್ಲಿ ಒಂಬತ್ತರೊಳಗೆ ಮುಗಿಸಿ. ಹಿರಿಯರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಕೇಳುವವರೆಗೆ ಕಾಯದೆ ನೀರು ಕೊಡಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯಲ್ಲೇ ಕೊಡಿ.

ಕುರ್ಚಿ, ಕಾಲು, ನೆಲ

ಕುರ್ಚಿ ಮೇಲೆ ಕೂತು ಮಾಡೋದು ಅಂದ್ರೆ ಏನೇನು ಮಾಡಿಸ್ತೀರಿ?

ಮೊದಮೊದಲು ನಾನು ಕಾಲೇಜಿನಲ್ಲಿ ಕಲಿತ ಹೆಸರು ಹೇಳಿ ಮಾಡಿಸುತ್ತಿದ್ದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಂದು ದಿನ ಕುಂದಗೋಳ ಕಡೆಯ ಒಬ್ಬ ಆಯಿ, "ಬೀಸುಕಲ್ಲು ತಿರುವಿದಂಗ ಅನ್ನಪಾ" ಅಂದರು. ಅಂದಿನಿಂದ ನನ್ನ ಪಾಠವೇ ಬದಲಾಯಿತು.

ಈಗ ಬೀಸುಕಲ್ಲು ತಿರುವುತ್ತೇವೆ: ಎರಡೂ ಕೈ ಸೇರಿಸಿ, ನಡ ತಿರುಗಿಸುತ್ತ ದೊಡ್ಡ ಸುತ್ತು, ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಬಾವಿಯಿಂದ ನೀರು ಸೇದುತ್ತೇವೆ: ಕೈ ಮೇಲೆ ಚಾಚಿ, ಒಂದಾದ ಮೇಲೊಂದು ಹಗ್ಗ ಜಗ್ಗುವುದು. ಇದು ಭುಜಕ್ಕೆ. ರೊಟ್ಟಿ ಬಡಿಯುವುದು ಅಂಗೈ, ಮಣಿಕಟ್ಟಿಗೆ. ಮೊರ ಹಿಡಿದು ಕೇರುವುದು ಮೊಣಕೈಗೆ. ಅಜ್ಜಂದಿರು ಮೊದಲು ನಗುತ್ತಾರೆ, ಆಮೇಲೆ ಕೂರಿಗೆ ಹಿಡಿದು ಬಿತ್ತಲು ಶುರು ಮಾಡುತ್ತಾರೆ. ಯಾರಾದರೂ ಬೀಸುವ ಪದ ಎತ್ತಿಕೊಂಡರೆ ಎಣಿಸುವ ಕೆಲಸವೂ ತಪ್ಪುತ್ತದೆ. ಹಾಡುತ್ತ ಮಾಡಿದರೆ ಉಸಿರು ಕಟ್ಟುವುದಿಲ್ಲ. ಇದು ದೊಡ್ಡ ಲಾಭ, ಯಾಕೆಂದರೆ ಉಸಿರು ಬಿಗಿ ಹಿಡಿದು ಬಲ ಹಾಕಿದರೆ ಬಿಪಿ ಏರುತ್ತದೆ. ಹಾಡು ಎಳೆಯಲು ದಮ್ಮು ಸಾಲದಿದ್ದರೆ ವೇಗ ಇಳಿಸಿ.

ಕಾಲಿಗೆ ಮೂರು ಸಾಕು. ಹಿಮ್ಮಡ ಊರಿ ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡ ಎತ್ತುವುದು. ಕೂತಲ್ಲೇ ಒಂದೊಂದು ಮೊಣಕಾಲು ಮೇಲಕ್ಕೆ ಎತ್ತುವುದು. ಕಾಲು ನೇರ ಚಾಚಿ ಐದು ಎಣಿಸಿ ಇಳಿಸುವುದು. ಇದು ಹಗುರ ಅನಿಸತೊಡಗಿದಾಗ ಹಳೆ ಬಟ್ಟೆಯಲ್ಲಿ ಅರ್ಧ ಕಿಲೋ ಮರಳು ತುಂಬಿ ಹೊಲಿದು ಪಾದದ ಗೆಣ್ಣಿನ ಮೇಲೆ ಕಟ್ಟಿ.

ಕುರ್ಚಿಯಿಂದ ಏಳಿಸೋಕೇ ಇಬ್ಬರು ಬೇಕು. ಏನ್ ಮಾಡೋದು?

ಮೊದಲು ಕುರ್ಚಿ ನೋಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಇದು ನನ್ನ ತಪ್ಪಿನಿಂದ ಕಲಿತ ಮಾತು. ಕಡಪಾ ಕಲ್ಲಿನ ನೆಲದ ಮೇಲೆ ಅಂಥ ಕುರ್ಚಿಯಲ್ಲಿ ಒಬ್ಬ ಆಯಿಯನ್ನು ಕೂರಿಸಿ ಏಳಿ ಅಂದೆ. ಕುರ್ಚಿ ಹಿಂದಕ್ಕೆ ಜಾರಿತು, ಅವರು ನೆಲಕ್ಕೆ ಕೂತರು. ಮೂಳೆ ಮುರಿಯಲಿಲ್ಲ, ಆದರೆ ಎರಡು ತಿಂಗಳು ನನ್ನ ಮಾತು ನಂಬಲಿಲ್ಲ. ಕೈ ಇರುವ ಕಟ್ಟಿಗೆ ಕುರ್ಚಿ ಇರಲಿ, ಹಿಂಬದಿ ಗೋಡೆಗೆ ತಾಗಿರಲಿ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು.

ಏಳುವುದಕ್ಕೂ ಒಂದು ಕ್ರಮ ಇದೆ. ಕುರ್ಚಿಯ ಮುಂದಿನ ಅಂಚಿಗೆ ಸರಿಯುವುದು. ಪಾದವನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುವುದು. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗುವುದು. ಆಮೇಲೆ ಕುರ್ಚಿಯ ಕೈ ಒತ್ತಿ ಏಳುವುದು. ನೇರ ಕೂತು ಏಳಲು ಹೋದರೆ ನಮಗೇ ಆಗುವುದಿಲ್ಲ, ಮಾಡಿ ನೋಡಿ. ಕೂರುವಾಗ ಧಪ್ ಅಂತ ಬೀಳದೆ ಮೂರು ಎಣಿಸುತ್ತ ಇಳಿಯಬೇಕು. ಬಲ ಬೆಳೆಯುವುದು ಇಳಿಯುವಾಗಲೂ ಹೌದು. ಏಳಲು ಆಗದವರಿಗೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿ. ದಿಂಬು ಜಾರದಂತೆ ಕಟ್ಟಿರಬೇಕು. ವಾರ ವಾರ ಎತ್ತರ ಇಳಿಸಿ.

ಬಗಲಿಗೆ ಕೈ ಹಾಕಿ ಎತ್ತಬೇಡಿ. ಅವರ ಭುಜಕ್ಕೂ ಪೆಟ್ಟು, ನಿಮ್ಮ ಸೊಂಟಕ್ಕೂ ಪೆಟ್ಟು.

ಮೊಣಕಾಲು ನೋವೈತಿ. ನಡದ್ರ ಇನ್ನೂ ಸವೀತೈತಿ ಅಂತಾರ, ಖರೇ ಏನ್ರಿ?

ಖರೆ ಅಲ್ಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಕೀಲಿನ ಮೇಲಿನ ಹೊರೆ ಇಳಿಯುತ್ತದೆ. ವ್ಯಾಯಾಮ ಮಾಡಿದ ಮೇಲೆ ಸ್ವಲ್ಪ ನೋವು ಬಂದು ಮರುದಿನಕ್ಕೆ ಇಳಿದರೆ ಭಯವಿಲ್ಲ. ಮರುದಿನವೂ ಜಾಸ್ತಿ ಇದ್ದರೆ ಲೆಕ್ಕ ಅರ್ಧ ಮಾಡಿ. ಕೀಲು ಊದಿ ಬಿಸಿಯಾಗಿದ್ದರೆ ವೈದ್ಯರಿಗೆ ತೋರಿಸಿ.

ಬೀಳ್ತಾರೆ ಅಂತ ಹೆದರಿ ನಡೆಸೋದೇ ಬಿಟ್ಟಿದ್ದೇವೆ. ತಪ್ಪಾ?

ಹೆದರಿಕೆ ಸಹಜ. ಆದರೆ ನಡೆಯದವರೇ ಬೇಗ ಬೀಳುತ್ತಾರೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯ ಮನೆಯಲ್ಲಿರುವ ಹಿರಿಯರಿಗಾಗಿ ಕಾಲಿನ ಬಲ ಮತ್ತು ತೋಲದ ವ್ಯಾಯಾಮಗಳನ್ನು ರೂಪಿಸಿತು. ಅದನ್ನು ಮಾಡಿದವರಲ್ಲಿ ಬೀಳುವುದು ಸುಮಾರು 35% ಇಳಿಯಿತು. ನಾವು ಅದರಿಂದ ಎತ್ತಿಕೊಂಡದ್ದು ಇಷ್ಟು: ಕಿಟಕಿಯ ಸರಳು ಅಥವಾ ಗೋಡೆಯ ಕಂಬಿ ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಎಣಿಸುವುದು, ಬೆರಳ ಮೇಲೆ ನಿಲ್ಲುವುದು, ಅಡ್ಡ ಹೆಜ್ಜೆ ಇಡುವುದು. ಒಬ್ಬರು ಪಕ್ಕದಲ್ಲೇ ಇರಬೇಕು.

ಉಳಿದದ್ದು ಕಟ್ಟಡದ ಕೆಲಸ. ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರುವುದನ್ನು ಹಾಕಿಸಿ. ನೆಲ ಮುಟ್ಟುವ ಧೋತರ, ಸೀರೆಯ ಅಂಚು ಎತ್ತಿ ಕಟ್ಟಿಸಿ. ಬಚ್ಚಲ ಮತ್ತು ಪಾಯಖಾನೆಗೆ ಗೋಡೆಯ ಕಂಬಿ ಹಾಕಿಸಿ. ಟಾವೆಲ್ ಹಾಕುವ ಕಂಬಿ ಭಾರ ತಡೆಯುವುದಿಲ್ಲ. ರಾತ್ರಿ ಸಣ್ಣ ದೀಪ ಇರಲಿ. ಧಾರವಾಡದ ಮಳೆಗಾಲದಲ್ಲಿ ಅಂಗಳದ ಪರಸಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಒಳಗಿನ ಪಡಸಾಲೆಯಲ್ಲೇ ನಡೆಸುತ್ತೇವೆ.

ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣೋದನ್ನ ನಿಲ್ಲಿಸಬೇಕಾ?

ಕೂತು ಏಳಲು ಬರುವವರನ್ನು ತಡೆಯಬೇಡಿ. ಅದಕ್ಕಿಂತ ಒಳ್ಳೆ ವ್ಯಾಯಾಮ ನನ್ನ ಹತ್ತಿರವೂ ಇಲ್ಲ. ಸೊಂಟದ ಕೀಲು ಬದಲಿಸಿದವರಿಗೆ ಮಾತ್ರ ಆಪರೇಷನ್ ಮಾಡಿದ ವೈದ್ಯರು ಹೇಳುವವರೆಗೆ ನೆಲವೂ ಬೇಡ, ಕಾಲ ಮೇಲೆ ಕಾಲೂ ಬೇಡ.

ಊಟ ಮತ್ತು ಮನಸ್ಸು

ಬರೀ ವ್ಯಾಯಾಮ ಸಾಕಾ, ಊಟದಲ್ಲಿ ಏನಾದ್ರೂ ಬದಲಿಸಬೇಕಾ?

ಆಶ್ರಮದ ಊಟದಲ್ಲಿ ಅನ್ನ, ಸಾರು ಜಾಸ್ತಿ, ಕಾಳು ಕಡಿಮೆ. ಹಲ್ಲಿಲ್ಲದ ಕಾರಣ ರೊಟ್ಟಿ ಬಿಟ್ಟವರು ಕಾಳುಪಲ್ಯವನ್ನೂ ಬಿಡುತ್ತಾರೆ. ಸ್ನಾಯುವಿಗೆ ಪ್ರೋಟೀನ್ ಬೇಕು: ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. 50 ಕಿಲೋ ತೂಗುವ ಆಯಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಮಿದ್ದಿ ಕೊಡಿ. ಹೆಸರುಕಾಳು, ಮಡಕಿಕಾಳು ಮೆತ್ತಗೆ ಬೇಯಿಸಿ. ಶೇಂಗಾ ಚಟ್ನಿಪುಡಿಗೆ ಗಟ್ಟಿ ಮೊಸರು ಕಲಸಿ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ, ವೈದ್ಯರು ಹೇಳಿದಂತೆ ಮಾಡಿ.

ಅಜ್ಜಾರು "ನಾ ಏನ್ ಸಾಲಿ ಹುಡುಗೇನು?" ಅಂತ ಬರೋದೇ ಇಲ್ಲ.

ಅಜ್ಜನ ಮಾತು ಸರಿ. ಎಪ್ಪತ್ತು ವರ್ಷ ಬಾಳಿದವರಿಗೆ ಚಪ್ಪಾಳೆ ತಟ್ಟಿಸಿ "ವೆರಿ ಗುಡ್" ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕರೆಯಬೇಡಿ, ಕೆಲಸ ಕೊಡಿ. ಒಬ್ಬ ನಿವೃತ್ತ ಮಾಸ್ತರರಿಗೆ ಹಾಜರಿ ಪುಸ್ತಕ ಕೊಟ್ಟೆವು. ಈಗ ಅವರು ಎಲ್ಲರ ಕೋಣೆಗೂ ನಡೆದು ಹೋಗಿ ಹೆಸರು ಬರೆದುಕೊಂಡು ಬರುತ್ತಾರೆ. ಅವರ ವ್ಯಾಯಾಮ ಅಲ್ಲೇ ಮುಗಿಯಿತು, ಆದರೆ ಈ ಗುಟ್ಟು ಅವರಿಗೆ ಹೇಳಬೇಡಿ.

ಆಶ್ರಮಕ್ಕೆ ಬಂದಾಗಿಂದ ಅಪ್ಪ ಸುಮ್ನೆ ಗೋಡೆ ನೋಡ್ತಾ ಕೂತಿರ್ತಾರೆ. ವ್ಯಾಯಾಮದಿಂದ ಸರಿ ಹೋಗ್ತಾರಾ?

ಮನೆ ಬಿಟ್ಟು ಬಂದ ದುಃಖಕ್ಕೆ ಸಮಯ ಬೇಕು. ನಾಲ್ಕು ಜನರ ಜೊತೆ ಬಿಸಿಲಿಗೆ ಕೂತು ಕೈಕಾಲು ಆಡಿಸಿದರೆ ಮನಸ್ಸು ಹಗುರ ಆಗುವುದನ್ನು ನಾನು ಕಂಡಿದ್ದೇನೆ. ಆದರೆ ಎರಡು ವಾರ ದಾಟಿದರೂ ಊಟ, ನಿದ್ದೆ ಬಿಟ್ಟಿದ್ದರೆ, "ಬದುಕಿ ಏನು ಮಾಡಲಿ" ಅನ್ನುತ್ತಿದ್ದರೆ ಅದು ಕಾಯಿಲೆ, ಚಿಕಿತ್ಸೆ ಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್‌ನ 14416 ಇದೆ, ಹಣ ಬೇಡ. ಮಾತ್ರೆ ಶುರುವಾದ ಮೇಲೂ ವ್ಯಾಯಾಮ ಬಿಡಬೇಡಿ.

ಕಾಯಿಲೆ ಇದ್ದವರಿಗೆ

ಶುಗರ್ ಇದೆ, ಇನ್ಸುಲಿನ್ ನಡೀತಿದೆ. ಏನು ಎಚ್ಚರಿಕೆ ಬೇಕು?

ಮೊದಲು ರಕ್ತದ ಸಕ್ಕರೆ ನೋಡಿ. 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿ ಆಮೇಲೆ ಮಾಡಿಸಿ. ನಡುವೆ ಕೈ ನಡುಗಿದರೆ, ಬೆವೆತರೆ, ಮಾತು ತೊದಲಿದರೆ ಸಕ್ಕರೆ ಇಳಿದಿರಬಹುದು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ನಮ್ಮ ಊರಿನವರು ತಟ್ಟನೆ ಪೇಡೆ ಕೊಡುತ್ತಾರೆ. ಪೇಡೆಯ ಖೋವಾದಲ್ಲಿ ಜಿಡ್ಡು ಇರುವುದರಿಂದ ಸಕ್ಕರೆ ರಕ್ತಕ್ಕೆ ಇಳಿಯುವುದು ತಡವಾಗುತ್ತದೆ. ಆ ಹೊತ್ತಿಗೆ ಸಕ್ಕರೆ ನೀರೇ ಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108 ಕರೆಯಿರಿ. ವ್ಯಾಯಾಮ ಮುಗಿದ ಮೇಲೆ ಪಾದ ತಿರುಗಿಸಿ ನೋಡಿ. ಸ್ಪರ್ಶ ಕಳೆದ ಪಾದಕ್ಕೆ ಗಾಯ ಆದರೂ ಗೊತ್ತಾಗುವುದಿಲ್ಲ.

ಮಂಚದಿಂದ ಎದ್ದ ಕೂಡಲೇ ತಲಿ ತಿರುಗ್ತೈತಿ.

ಎದ್ದು ನಿಂತಾಗ ಬಿಪಿ ಇಳಿಯುತ್ತಿರಬಹುದು. ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ವೈದ್ಯರಿಗೆ ತೋರಿಸಿ, ಗುಳಿಗೆ ಬದಲಿಸಬೇಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ. ಅಲ್ಲಿಯವರೆಗೆ ಏಳುವ ಮೊದಲು ಮಲಗಿದಲ್ಲೇ ಇಪ್ಪತ್ತು ಸಲ ಪಾದ ಆಡಿಸಿ, ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು, ಆಮೇಲೆ ಎದ್ದೇಳಲಿ.

ಯೋಗ, ಪ್ರಾಣಾಯಾಮ ಮಾಡಿಸಬಹುದಾ?

ಮಾಡಿಸಬಹುದು, ಟಿವಿ ನೋಡಿಕೊಂಡು ಮಾತ್ರ ಬೇಡ. ಬಿಪಿ, ಹೃದಯದ ತೊಂದರೆ ಅಥವಾ ಹರ್ನಿಯಾ ಇದ್ದವರಿಗೆ ಕಪಾಲಭಾತಿ ಬೇಡ. ಗ್ಲುಕೋಮಾ ಇದ್ದವರಿಗೆ ತಲೆ ಕೆಳಗಾಗುವ ಆಸನ ಬೇಡ. ಮೂಳೆ ಟೊಳ್ಳಾಗಿ ಬೆನ್ನು ಬಾಗಿದವರಿಗೆ ಮುಂದೆ ಬಾಗುವ ಆಸನಗಳಿಂದ ಬೆನ್ನೆಲುಬಿನ ಮಣಿ ಕುಸಿಯಬಹುದು. ಕುರ್ಚಿಯಲ್ಲಿ ಕೂತು ನಿಧಾನ ಉಸಿರಾಟ ಎಲ್ಲರಿಗೂ ಸೈ.

ಲಕ್ವಾ ಹೊಡೆದು ಒಂದು ಕೈ ಬಿದ್ದಿದೆ. ಜಗ್ಗಿ ಜಗ್ಗಿ ಮಾಡಿಸಿದ್ರೆ ಬರುತ್ತಾ?

ಜಗ್ಗಲೇಬೇಡಿ. ಸೋತ ಕೈಯ ಭುಜದ ಕೀಲನ್ನು ಹಿಡಿದಿಡುವ ಸ್ನಾಯು ಸಡಿಲಾಗಿರುತ್ತದೆ, ಎಳೆದರೆ ಜಾರುತ್ತದೆ. ಆಮೇಲೆ ಬರುವ ನೋವು ಲಕ್ವಾಕ್ಕಿಂತ ಹೆಚ್ಚು ಕಾಡುತ್ತದೆ. ಕೂತಾಗ ಕೈಯನ್ನು ದಿಂಬಿನ ಮೇಲೆ ಇಡಿ. ಗಟ್ಟಿ ಕೈಯಿಂದ ಸೋತ ಕೈ ಹಿಡಿದು ನೋವು ಬಾರದಷ್ಟು ಎತ್ತರಕ್ಕೆ ಅವರೇ ಎತ್ತಲಿ. ಬೆರಳು ಒಂದಿಷ್ಟು ಆಡುತ್ತಿದ್ದರೆ ಟಾವೆಲ್‌ನಿಂದ ಒರೆಸುವುದು, ಲೋಟ ಸರಿಸುವುದು ಮುಂತಾದ ಕೆಲಸ ಆ ಕೈಗೇ ಕೊಡಿ. ಲೆಕ್ಕವಿಲ್ಲದಷ್ಟು ಸಲ ಮಾಡಿದರೇ ಮೆದುಳು ಮತ್ತೆ ಕಲಿಯುವುದು.

ಮರೆವಿನ ಕಾಯಿಲೆ. ಹೇಳಿದ್ದು ತಿಳಿಯೋದೇ ಇಲ್ಲ. ಮಾಡಿಸೋದು ಹೆಂಗ?

ಹೇಳಬೇಡಿ, ಎದುರು ಕೂತು ಮಾಡಿ. ಒಂದು ಸಲಕ್ಕೆ ಒಂದೇ ಕೆಲಸ. ಚೆಂಡು ಎಸೆದರೆ ಕೈ ತಾನೇ ಹಿಡಿಯುತ್ತದೆ. ಮಗನ ಹೆಸರು ಮರೆತ ಒಬ್ಬ ಆಯಿ ಹಿಟ್ಟಿನ ಉಂಡೆ ಕೊಟ್ಟರೆ ಇಂದಿಗೂ ಅಂಚು ಒಡೆಯದಂತೆ ರೊಟ್ಟಿ ಬಡಿಯುತ್ತಾರೆ. ಅವರಿಗೆ ದಿನಾ ಹಿಟ್ಟು ಕೊಡುತ್ತೇವೆ. ಸಂಜೆ ಗಾಬರಿ ಜಾಸ್ತಿ, ಹಾಗಾಗಿ ಬೆಳಿಗ್ಗೆಯೇ ಮಾಡಿಸಿ. ಒಲ್ಲೆ ಅಂದರೆ ಬಿಟ್ಟುಬಿಡಿ, ಹತ್ತು ನಿಮಿಷದ ಮೇಲೆ ಮತ್ತೆ ಹೋದರೆ ಅವರಿಗೆ ಅದು ಹೊಸ ಕರೆ.

ಪೂರ್ತಿ ಹಾಸಿಗೆ ಹಿಡಿದವರಿಗೆ ಏನಿದೆ?

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮೊದಲ ಕೆಲಸ. ದಿನಕ್ಕೆ ಎರಡು ಸಲ ಪ್ರತಿ ಕೀಲನ್ನೂ ಮೆಲ್ಲಗೆ ಮಡಚಿ ಚಾಚಿ, ಇಲ್ಲವಾದರೆ ಕೀಲು ಹಿಡಿದುಬಿಡುತ್ತದೆ. ಮೊಣಕಾಲ ಕೆಳಗೆ ಸದಾ ದಿಂಬು ಇಡಬೇಡಿ, ಕಾಲು ಮಡಚಿದಂತೆಯೇ ಉಳಿಯುತ್ತದೆ. ವೈದ್ಯರು ಬೇಡ ಅನ್ನದಿದ್ದರೆ ಊಟಕ್ಕಾದರೂ ಎಬ್ಬಿಸಿ ಕೂರಿಸಿ.

ಲೆಕ್ಕ ಮತ್ತು ನೆರವು

ಫಲ ಸಿಗ್ತಾ ಇದೆ ಅಂತ ಗೊತ್ತಾಗೋದು ಹೇಗೆ?

ಕೈ ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸಿ. 80ರಿಂದ 84 ವರ್ಷದ ಹೆಂಗಸರಿಗೆ 9ಕ್ಕಿಂತ, ಗಂಡಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು. ಕೈ ಊರಿದರೆ ಲೆಕ್ಕ ಸೊನ್ನೆ. ತಿಂಗಳಿಗೊಮ್ಮೆ ಬರೆದಿಡಿ. ಸೊನ್ನೆಯಿಂದ ಎರಡಕ್ಕೆ ಬಂದ ದಿನ ನಮ್ಮಲ್ಲಿ ಚಹಾದ ಜೊತೆ ಗಿರಮಿಟ್ ಇರುತ್ತದೆ.

ಬಿದ್ದೇಬಿಟ್ಟರೆ?

ತಕ್ಷಣ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದ್ದರೆ ಅದು ತೊಡೆಯ ಮೂಳೆ ಮುರಿದ ಗುರುತು. ಅಲುಗಿಸದೆ 108 ಕರೆಯಿರಿ. ತಲೆಗೆ ಪೆಟ್ಟಾಗಿದ್ದರೆ, ರಕ್ತ ತೆಳುವಾಗುವ ಗುಳಿಗೆ ತಗೊಳ್ಳುತ್ತಿದ್ದರೆ, ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಏನೂ ಆಗಿಲ್ಲ ಅಂತ ಖಾತ್ರಿಯಾದರೆ ಮಗ್ಗುಲಿಗೆ ಹೊರಳಿಸಿ, ಅಂಬೆಗಾಲಿಗೆ ತಂದು, ಎದುರು ಕುರ್ಚಿ ಇಟ್ಟು, ಅದನ್ನು ಹಿಡಿದು ಒಂದು ಪಾದ ಊರಿ ಅವರೇ ಏಳಲಿ.

ನಮ್ಮ ಆಶ್ರಮದಲ್ಲಿ ಫಿಸಿಯೋ ಇಲ್ಲ. ಯಾರನ್ನ ಕೇಳಬೇಕು?

ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಹಿರಿಯರ ವಿಭಾಗ, ಫಿಸಿಯೋಥೆರಪಿ ಇರಬೇಕು. ಅಲ್ಲಿ ಕೇಳಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಹಿರಿಯರಿಗೆ ಪ್ರತ್ಯೇಕ ಸರದಿ ಇರಬೇಕು, ಅದನ್ನೂ ಕೇಳಿ ಪಡೆಯಿರಿ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಫಿಸಿಯೋಥೆರಪಿ ಕಾಲೇಜು ಇದೆ. ಬೇರೆ ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567.

ನಾವು ಬೆಂಗಳೂರಲ್ಲಿ. ತಿಂಗಳಿಗೊಮ್ಮೆ ಬರ್ತೀವಿ. ನಮ್ಮಿಂದ ಏನಾಗುತ್ತೆ?

ಬಂದಾಗ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರಬೇಡಿ. ಗೇಟಿನ ತನಕ ಕೈ ಹಿಡಿದು ನಡೆಸಿ, ಮಾತು ದಾರಿಯಲ್ಲೇ ಆಗಲಿ. ಫೋನಿನಲ್ಲಿ "ಊಟ ಆಯ್ತಾ?" ಜೊತೆಗೆ "ಇವತ್ತು ಎಲ್ಲಿ ತನಕ ನಡೆದೆ?" ಅಂತಲೂ ಕೇಳಿ. ಮಿಠಾಯಿ ಡಬ್ಬಿ ಬದಲು ಒಂದು ಜೊತೆ ಗಟ್ಟಿ ಚಪ್ಪಲಿ ತನ್ನಿ. ಅಳತೆಗೆ ಪಾದವನ್ನು ಕಾಗದದ ಮೇಲೆ ಇಡಿಸಿ ಸುತ್ತ ಗೆರೆ ಎಳೆದುಕೊಳ್ಳಿ. ಸಂಜೆ ಹೊತ್ತು ಎಳೆಯಿರಿ, ಆಗ ಪಾದ ಸ್ವಲ್ಪ ಊದಿರುತ್ತದೆ.